ಗಡಿ ಜಿಲ್ಲೆ ಯಾರ ಹಿತ್ತಿಲೂ ಅಲ್ಲ

ಹಿಂದುಳಿದ ಗಡಿ ಜಿಲ್ಲೆಗೆ ಯಾವ ಕೈಗಾರಿಕೆ ತರೋಣ ಎಂಬ ಮಾತು ಬಂದರೆ ಸಾಕು, ಈಗೀಗ ಉತ್ತರ ತಯಾರಾಗಿಯೇ ಇರುತ್ತದೆ: ಮರುಬಳಕೆ ಉದ್ದಿಮೆ ತನ್ನಿ. ಸವೆದ ಟೈರು, ಸತ್ತ ಬ್ಯಾಟರಿ, ಪ್ಲಾಸ್ಟಿಕ್, ಕೆಟ್ಟ ಕಂಪ್ಯೂಟರ್, ಹೀಗೆ ನಗರಗಳಿಗೆ ಬೇಡವಾದದ್ದನ್ನೆಲ್ಲ ಇಲ್ಲಿ ಸಂಸ್ಕರಿಸಿದರೆ ಪರಿಸರವೂ ಉಳಿಯುತ್ತದೆ, ಖಾಲಿ ಬಿದ್ದಿರುವ ಪ್ಲಾಟುಗಳೂ ತುಂಬುತ್ತವೆ, ಹುಡುಗರಿಗೆ ಕೆಲಸವೂ ಸಿಗುತ್ತದೆ ಎಂಬುದು ವಾದ. ಅಧಿಕಾರಿಗಳು ಹೀಗೆ ಹೇಳುತ್ತಾರೆ, ಉದ್ಯಮಿಗಳು ಹೇಳುತ್ತಾರೆ, ಪರಿಸರದ ಬಗ್ಗೆ ನಿಜವಾದ ಕಾಳಜಿಯಿರುವ ನಗರದ ಗೆಳೆಯರೂ ಹೇಳುತ್ತಾರೆ. ಎದುರು ಮಾತಾಡುವವರು ಕಡಿಮೆ. ಮರುಬಳಕೆಯನ್ನು ವಿರೋಧಿಸಿದವರು ಪರಿಸರವನ್ನೇ ವಿರೋಧಿಸಿದಂತೆ ಕಾಣುತ್ತಾರೆ. ಆ ಅಂಜಿಕೆಯನ್ನು ಬದಿಗಿಟ್ಟು ಹೇಳುತ್ತೇನೆ: ಈ ವಾದ ತಪ್ಪು, ಅಪಾಯಕಾರಿ. ಇದಕ್ಕೆ ಬೆಲೆ ತೆರಬೇಕಾದ ಜನರನ್ನು ಇದುವರೆಗೆ ಯಾರೂ ಒಂದು ಮಾತು ಕೇಳಿಲ್ಲ.

ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶವನ್ನು ನೋಡಿ. ಸೈದಾಪುರದ ಬಳಿ, ತೆಲಂಗಾಣದ ಅಂಚಿನಲ್ಲಿದೆ. ಭೀಮಾ ನದಿ ಕೃಷ್ಣೆಯನ್ನು ಸೇರುವುದು ಇದೇ ಮೂಲೆಯಲ್ಲಿ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಯಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಇಲ್ಲಿ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಸ್ವಾಧೀನಪಡಿಸಿಕೊಂಡಿತು. ತೊಗರಿ, ಹತ್ತಿ, ಜೋಳ ಬೆಳೆಯುತ್ತಿದ್ದ ಹೊಲಗಳವು. ಕೈಗಾರಿಕೆ ಬಂದರೆ ಮಕ್ಕಳು ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಗುಳೆ ಹೋಗುವುದು ತಪ್ಪೀತು ಎಂಬ ಆಸೆಯಿಂದ ರೈತರು ಜಮೀನು ಬಿಟ್ಟುಕೊಟ್ಟರು. ರೈಲ್ವೆ ಬೋಗಿ ಕಾರ್ಖಾನೆ ಬಂತು, ನಿಜ. ಅದರ ಜೊತೆಗೆ ಸಾಲುಸಾಲಾಗಿ ಬಂದದ್ದು ರಾಸಾಯನಿಕ ಮತ್ತು ಔಷಧ ಕಚ್ಚಾವಸ್ತುಗಳ ಘಟಕಗಳು. ಸುತ್ತಲಿನ ಹಳ್ಳಿಗಳ ಜನ ರಾತ್ರಿಯ ದುರ್ನಾತದ ಬಗ್ಗೆ, ಹಳ್ಳದ ನೀರಿನ ಬಗ್ಗೆ, ಉಸಿರಾಟದ ತೊಂದರೆಯ ಬಗ್ಗೆ ವರ್ಷಗಳಿಂದ ಮನವಿ ಕೊಡುತ್ತಲೇ ಇದ್ದಾರೆ. ಈ ಮನವಿಗಳೇ ಇತ್ಯರ್ಥವಾಗದಿರುವಾಗ ಇಂಥ ಪ್ರದೇಶಗಳಿಗೆ ದೇಶದ ಗುಜರಿಯನ್ನೂ ಕರೆತರುವುದು ಅಭಿವೃದ್ಧಿ ಎಂದು ಯಾವ ಬಾಯಿಂದ ಹೇಳುತ್ತೀರಿ?

ಮರುಬಳಕೆ ಎಂಬ ಹೆಸರಿನಡಿ ನಡೆಯುವುದೇನು ಎಂಬುದನ್ನು ಬಿಡಿಸಿ ಹೇಳಲೇಬೇಕು. ಟೈರನ್ನೇ ತೆಗೆದುಕೊಳ್ಳೋಣ, ಈ ವ್ಯವಹಾರದಲ್ಲಿ ಹೆಚ್ಚು ಓಡಾಡುವ ಸರಕು ಅದು. ಪೈರೋಲಿಸಿಸ್ ಘಟಕದಲ್ಲಿ ಸವೆದ ಟೈರುಗಳನ್ನು ದೊಡ್ಡ ಉಕ್ಕಿನ ಡ್ರಮ್ಮಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಸುಮಾರು 400ರಿಂದ 500 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಸ್ಥೂಲವಾಗಿ ಹೇಳುವುದಾದರೆ ತೂಕದ ನೂರಕ್ಕೆ ನಲವತ್ತು ಪಾಲಿನಷ್ಟು ಎಣ್ಣೆ, ಮೂರನೇ ಒಂದರಷ್ಟು ಕಪ್ಪು ಇಂಗಾಲದ ಪುಡಿ, ಒಂದಿಷ್ಟು ಉಕ್ಕಿನ ತಂತಿ ಹೊರಬರುತ್ತವೆ, ಉಳಿದದ್ದು ಅನಿಲ. ಈ ಎಣ್ಣೆ ಎಲ್ಲಿಗೆ ಹೋಗುತ್ತದೆ? ಇನ್ನಾವುದೋ ಕುಲುಮೆಗೆ, ಬಾಯ್ಲರಿಗೆ ಉರುವಲಾಗಿ ಹೋಗುತ್ತದೆ. ಅದರಲ್ಲಿ ಗಂಧಕ ತುಂಬಿರುತ್ತದೆ. ಎಂದರೆ ಟೈರು ಮತ್ತೆ ಟೈರಾಗಲಿಲ್ಲ, ಎರಡು ಹಂತದಲ್ಲಿ ಸುಟ್ಟುಹೋಯಿತು. ಮೊದಲ ಹಂತದ ಹೊಗೆ ಒಂದೂರಿಗೆ, ಎರಡನೆಯ ಹಂತದ ಹೊಗೆ ಇನ್ನೊಂದೂರಿಗೆ. ಇಂಗಾಲದ ಪುಡಿ ಹಿಟ್ಟಿಗಿಂತ ನುಣುಪು. ಡ್ರಮ್ಮು ಪೂರ್ತಿ ಆರುವ ಮೊದಲೇ ಬಾಯಿ ತೆಗೆದರೆ ಅದು ಕೆಲಸಗಾರನ ಶ್ವಾಸಕೋಶಕ್ಕೆ ಇಳಿಯುತ್ತದೆ, ಗಾಳಿ ಬೀಸಿದರೆ ಪಕ್ಕದ ಹೊಲದ ಹತ್ತಿಯ ಮೇಲೆ ಕೂರುತ್ತದೆ. ಇದಕ್ಕೆ ಮರುಬಳಕೆ ಎಂಬ ಪ್ರಮಾಣಪತ್ರ, ಮೇಲೆ ರಿಯಾಯಿತಿ ದರದ ಭೂಮಿ!

ಈ ಉದ್ದಿಮೆ ಎಷ್ಟು ಶಿಸ್ತಿನದು ಎಂಬುದು ಸರ್ಕಾರದ್ದೇ ಲೆಕ್ಕದಲ್ಲಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ 2019ರಲ್ಲಿ ಬಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರದಿಯ ಪ್ರಕಾರ 19 ರಾಜ್ಯಗಳಲ್ಲಿ 637 ಟೈರ್ ಪೈರೋಲಿಸಿಸ್ ಘಟಕಗಳಿದ್ದವು. ನಿಯಮ ಪಾಲಿಸುತ್ತಿದ್ದವು 251 ಮಾತ್ರ. 270 ಘಟಕಗಳು ಪಾಲಿಸುತ್ತಿರಲಿಲ್ಲ, 116 ಮುಚ್ಚಿದ್ದವು. ಅರ್ಧಕ್ಕಿಂತ ಹೆಚ್ಚು ಘಟಕಗಳು ಒಂದೋ ತಪ್ಪು ಮಾಡುತ್ತಿದ್ದವು, ಇಲ್ಲವೇ ಬಾಗಿಲು ಹಾಕಿದ್ದವು. ಇಂಥ ದಾಖಲೆಯಿರುವ ಇನ್ನಾವ ವ್ಯಾಪಾರಕ್ಕೆ ನಾವು ಕೆಂಪು ಹಾಸು ಹಾಸುತ್ತೇವೆ? 2025ರ ಜನವರಿಯಲ್ಲಿ ಮಹಾರಾಷ್ಟ್ರದ ವಾಡಾದಲ್ಲಿ ಇಂಥದೊಂದು ಘಟಕ ಸಿಡಿದು ಇಬ್ಬರು ಹೆಂಗಸರು, ಇಬ್ಬರು ಮಕ್ಕಳು ಸತ್ತರು. ಮಕ್ಕಳು! ಕಾರ್ಖಾನೆಯ ಅಂಗಳದಲ್ಲೇ ಕೂಲಿಕಾರರ ಸಂಸಾರ ನಡೆಯುವ ಕಡೆ ಸುರಕ್ಷತೆಯ ಮಾತು ಎಲ್ಲಿಂದ ಬರಬೇಕು? ಅಲ್ಲಿ ಬೇಯುತ್ತಿದ್ದದ್ದು ಯುರೋಪಿನಿಂದ ಬಂದ ಟೈರು ಎಂದು ವರದಿಯಾಯಿತು. ಎಣ್ಣೆ ತೆಗೆಯುವುದಕ್ಕಾಗಿ ಸವೆದ ಟೈರು ಆಮದು ಮಾಡುವುದನ್ನು ನಮ್ಮ ಕಾನೂನು ನಿಷೇಧಿಸಿದೆ. ನಿಷೇಧವಿದ್ದೂ ಹೊರದೇಶದ ಟೈರು ಇಂಥ ಡ್ರಮ್ಮುಗಳನ್ನು ತಲುಪುತ್ತಿದೆ.

ಬ್ಯಾಟರಿಯ ಸೀಸದ ಕಥೆ ಇನ್ನೂ ಕ್ರೂರ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆ ಪ್ರಕಟಿಸಿದ ಅಂದಾಜಿನಂತೆ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಆತಂಕಪಡಬೇಕಾದ ಮಟ್ಟವನ್ನು ದಾಟಿದೆ. ಆ ವರದಿ ಬೊಟ್ಟು ಮಾಡಿದ ಮುಖ್ಯ ಕಾರಣಗಳಲ್ಲೊಂದು ಹಳೆ ಬ್ಯಾಟರಿಗಳ ಕಳಪೆ ಮರುಬಳಕೆ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಡ್ಡಿಯಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಗುವಿನ ಮಿದುಳನ್ನು ಹೊಕ್ಕ ಸೀಸ ಮಾಡಿದ ಹಾನಿಯನ್ನು ಯಾವ ಔಷಧವೂ ಸರಿಪಡಿಸದು. ಅಪ್ಪ ಕುಲುಮೆಯ ಕೆಲಸ ಮುಗಿಸಿ ಮನೆಗೆ ಬಂದು ಕಳಚಿಟ್ಟ ಅಂಗಿಯ ಧೂಳೇ ಸಾಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಯಾದಗಿರಿ ಕೊನೆಯ ಸಾಲಿನಲ್ಲಿದೆ ಎಂದು ಹಲುಬುತ್ತೇವೆ. ಅದೇ ಜಿಲ್ಲೆಯ ಮಕ್ಕಳ ತಲೆಗೆ ಸೀಸದ ಪಾಲನ್ನೂ ಹಂಚಲು ಹೊರಡುವುದೇ?

ಇಷ್ಟೆಲ್ಲ ಅಪಾಯದ ಉದ್ದಿಮೆ ಗಡಿ ಜಿಲ್ಲೆಯನ್ನೇ ಏಕೆ ಹುಡುಕಿಕೊಂಡು ಬರುತ್ತದೆ? ಕಸ ಇಲ್ಲಿ ಹುಟ್ಟುತ್ತದೆಂದೇ? ಯಾದಗಿರಿಯಲ್ಲಿ ಎಷ್ಟು ಕಾರುಗಳಿವೆ, ಎಷ್ಟು ಕಂಪ್ಯೂಟರ್‌ಗಳಿವೆ? ಟೈರು ಸವೆಯುವುದು ಬೆಂಗಳೂರು, ಹೈದರಾಬಾದು, ಪುಣೆಯ ರಸ್ತೆಗಳಲ್ಲಿ. ಅದು ನೂರಾರು ಕಿಲೋಮೀಟರ್ ಡೀಸೆಲ್ ಸುಟ್ಟುಕೊಂಡು ಇಲ್ಲಿಗೆ ಬರುವುದಕ್ಕೆ ಕಾರಣ ಬೇರೆ. 2022ರ ನಿಯಮಗಳಿಂದ ಟೈರು, ಬ್ಯಾಟರಿ, ಪ್ಲಾಸ್ಟಿಕ್, ಇ-ತ್ಯಾಜ್ಯ ಎಲ್ಲಕ್ಕೂ ಪ್ರಮಾಣಪತ್ರ ಆಧಾರಿತ ಉತ್ಪಾದಕರ ಹೊಣೆಗಾರಿಕೆ ಬಂತು. ಹೊಸ ಟೈರು ಮಾರುವ ಕಂಪನಿ ಅಷ್ಟೇ ತೂಕದ ಹಳೆ ಟೈರು ಮರುಬಳಕೆಯಾಯಿತೆಂದು ಪ್ರಮಾಣಪತ್ರ ತೋರಿಸಬೇಕು. ಆ ಪ್ರಮಾಣಪತ್ರವನ್ನು ಮರುಬಳಕೆ ಘಟಕದಿಂದ ಕೊಂಡುಕೊಳ್ಳಬಹುದು. ಕೊಳ್ಳುವ ಕಂಪನಿ ಅಗ್ಗದ್ದನ್ನು ಕೊಳ್ಳುತ್ತದೆ. ಅಗ್ಗಕ್ಕೆ ಮಾರಬಲ್ಲವನು ಯಾರು? ಹೊಗೆ ಶೋಧಿಸುವ ಯಂತ್ರ ಹಾಕದವನು, ಹಾಕಿದ್ದನ್ನು ಕರೆಂಟು ಬಿಲ್ ಉಳಿಸಲು ರಾತ್ರಿ ಆರಿಸುವವನು, ಕೆಸರನ್ನು ಯಾರಿಗೂ ಗೊತ್ತಾಗದ ಕಡೆ ಸುರಿಯುವವನು. ಅವನಿಗೆ ಬೇಕಾದದ್ದು ಕಡಿಮೆ ಬೆಲೆಯ ನೆಲ, ದೂರದ ಇನ್ಸ್‌ಪೆಕ್ಟರ್, ದನಿ ಇಲ್ಲದ ನೆರೆಹೊರೆ. ನಮ್ಮ ಕೈಗಾರಿಕಾ ನೀತಿ ಹಿಂದುಳಿದ ತಾಲ್ಲೂಕುಗಳಿಗೆ ಹೆಚ್ಚಿನ ಸಬ್ಸಿಡಿ, ಸುಂಕ ವಿನಾಯಿತಿ ಕೊಡುತ್ತದೆ. ಹಿಂದುಳಿದ ಜನರನ್ನು ಮುಂದೆ ತರಲು ಇಟ್ಟ ಆ ಹಣ, ಯಾವ ಊರೂ ಒಪ್ಪದ ಧಂದೆಯನ್ನು ಅವರ ಮನೆ ಮುಂದೆ ತಂದಿಳಿಸುವ ಬಾಡಿಗೆಯಾಗಿ ಬಳಕೆಯಾಗುವುದಕ್ಕಿಂತ ದೊಡ್ಡ ದ್ರೋಹ ಯಾವುದಿದೆ?

ಆ ಪ್ರಮಾಣಪತ್ರಗಳಾದರೂ ನಿಜವೇ? 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲನೆ ನಡೆಸಿದಾಗ ಬೆರಳೆಣಿಕೆಯ ಪ್ಲಾಸ್ಟಿಕ್ ಮರುಬಳಕೆ ಘಟಕಗಳೇ ಸುಮಾರು ಆರು ಲಕ್ಷ ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದು ಬಯಲಾಯಿತು. ಕಾಗದದ ಮೇಲೆ ಕಸ ಕರಗಿತ್ತು, ನೆಲದ ಮೇಲೆ ಹಾಗೇ ಬಿದ್ದಿತ್ತು. ದಿಲ್ಲಿಯಲ್ಲಿ ಕೂತವರ ಪಟ್ಟಿಯಲ್ಲೇ ಇಷ್ಟು ಸುಳ್ಳು ಸೇರಬಹುದಾದರೆ ಸೈದಾಪುರದ ಹೊರವಲಯದ ಶೆಡ್ಡಿನಲ್ಲಿ ಏನು ಸೇರುತ್ತದೆ, ಏನು ಹೊರಡುತ್ತದೆ ಎಂದು ಲೆಕ್ಕ ಇಡುವವರು ಯಾರು?

ಗಡಿ ಎಂಬುದೇ ಇಲ್ಲಿ ಒಂದು ಅನುಕೂಲ ಎಂಬುದನ್ನು ಮರೆಯಬಾರದು. ಹೊಗೆಗೆ ರಾಜ್ಯವಿಲ್ಲ, ದೂರಿಗೆ ಇದೆ. ಕರ್ನಾಟಕದ ಚಿಮಣಿಯ ವಾಸನೆ ತೆಲಂಗಾಣದ ಹಳ್ಳಿಗೆ ಹೋದರೆ ಅಲ್ಲಿಯ ಮಂಡಳಿಗೆ ಇಲ್ಲಿ ಅಧಿಕಾರವಿಲ್ಲ, ಇಲ್ಲಿಯ ಮಂಡಳಿಗೆ ಅಲ್ಲಿಯ ಜನ ಯಾರೂ ಅಲ್ಲ. ಅತ್ತಲಿಂದ ಟ್ಯಾಂಕರಿನಲ್ಲಿ ಬಂದ ತ್ಯಾಜ್ಯ ನೀರು ಇತ್ತಲ ಹಳ್ಳಕ್ಕೆ ಬಿದ್ದರೆ ಎಲ್ಲಿಂದ ಬಂತು ಎಂಬುದು ಪತ್ತೆಯಾಗುವಷ್ಟರಲ್ಲಿ ಮಳೆ ಬಂದು ಕೊಚ್ಚಿಕೊಂಡು ಹೋಗಿರುತ್ತದೆ. ಹೈದರಾಬಾದಿನ ಪಕ್ಕದ ಪಟಾನ್‌ಚೆರು ಏನಾಯಿತು ಎಂದು ಈ ಭಾಗದವರಿಗೆ ಹೇಳಿಕೊಡಬೇಕಿಲ್ಲ. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅಲ್ಲಿಯ ಔಷಧ ಕಾರ್ಖಾನೆಗಳ ತ್ಯಾಜ್ಯ ನೀರಿನ ಸಂಸ್ಕರಣಾ ಘಟಕದಿಂದ ಹೊರಬಿದ್ದ, ಅಂದರೆ ಶುದ್ಧೀಕರಿಸಿದ್ದೆಂದು ಹೊರಬಿಟ್ಟ ನೀರನ್ನು ಪರೀಕ್ಷಿಸಿದರು. ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಔಷಧ ಸಿಕ್ಕಿತು. ಅಲ್ಲಿಯ ಹಳ್ಳಿಗಳು ದಶಕಗಳ ಕಾಲ ನ್ಯಾಯಾಲಯಗಳ ಮೆಟ್ಟಿಲು ಹತ್ತಿದವು. ಈಗ ತೆಲಂಗಾಣ ಹೈದರಾಬಾದಿನ ಹೊರವರ್ತುಲ ರಸ್ತೆಯೊಳಗಿನ ಮಾಲಿನ್ಯಕಾರಕ ಘಟಕಗಳನ್ನು ಆಚೆ ಕಳಿಸುವ ಮಾತಾಡುತ್ತಿದೆ. ಆಚೆ ಎಂದರೆ ಎಲ್ಲಿ? ಭೂಪಟ ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ.

ನಮ್ಮ ಕಡೆಯ ಅನುಭವವೂ ಕಡಿಮೆಯೇನಲ್ಲ. ಕೇಂದ್ರ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳ ಮಾಲಿನ್ಯ ಸೂಚ್ಯಂಕ ತಯಾರಿಸಿದಾಗಲೇ ರಾಯಚೂರು, ಬೀದರ್ ಎರಡೂ ತೀವ್ರ ಮಾಲಿನ್ಯದ ಪಟ್ಟಿಯಲ್ಲಿದ್ದವು. ಎರಡೂ ಗಡಿ ಜಿಲ್ಲೆಗಳು, ಎರಡೂ ಹಿಂದುಳಿದವು. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಶಾಲೆ, ಆಸ್ಪತ್ರೆ, ನೀರಾವರಿಯಲ್ಲಿ ಕೊನೆಯ ಪಂಕ್ತಿ, ಹೊಗೆಯಲ್ಲಿ ಮೊದಲ ಪಂಕ್ತಿ. ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿತು. ಹೋರಾಡಿ ಪಡೆದ ಆ ವಿಶೇಷ ಸ್ಥಾನಮಾನ ವಿಶೇಷ ತಿಪ್ಪೆಯಾಗುವುದಕ್ಕಲ್ಲ.

ಉದ್ಯೋಗದ ಮಾತು ಎತ್ತುವವರಿಗೂ ಉತ್ತರ ಕೊಡಬೇಕು. ನೆಲದ ಅಗಲಕ್ಕೆ, ಹೊಗೆಯ ದಟ್ಟಣೆಗೆ ಹೋಲಿಸಿದರೆ ಪೈರೋಲಿಸಿಸ್ ಘಟಕಕ್ಕೆ ಬೇಕಾಗುವ ಕೈಗಳು ತೀರಾ ಕಡಿಮೆ. ಇರುವ ಕೆಲಸವೂ ಎಂಥದು? ಮಸಿ ಬಾಚುವುದು, ಡ್ರಮ್ಮು ತುಂಬುವುದು, ತಂತಿ ಎಳೆಯುವುದು. ಗುತ್ತಿಗೆದಾರನ ಕೈಕೆಳಗೆ, ಪಿಎಫ್ ಇಲ್ಲ, ವಿಮೆ ಇಲ್ಲ, ಕೆಮ್ಮು ಶುರುವಾದರೆ ಊರಿಗೆ ವಾಪಸ್. ಮೂರೂವರೆ ಎಕರೆ ಕಪ್ಪು ಮಣ್ಣಿನ ಹೊಲ ಕೊಟ್ಟ ರೈತನ ಮಗನಿಗೆ ಸಿಗಬೇಕಾದ ಪ್ರತಿಫಲ ಇದೆಯೇ? ಮೊದಲು ಬೆಂಗಳೂರಿಗೆ ಗುಳೆ ಹೋಗುತ್ತಿದ್ದವನು ಸಿಮೆಂಟಿನ ಧೂಳು ಕುಡಿಯುತ್ತಿದ್ದ. ಈಗ ಮನೆಯಲ್ಲೇ ಇದ್ದು ಇಂಗಾಲದ ಪುಡಿ ಕುಡಿಯಲಿ, ಜೊತೆಗೆ ಹೆಂಡತಿ ಮಕ್ಕಳೂ ಕುಡಿಯಲಿ ಎಂಬುದು ಅಭಿವೃದ್ಧಿಯ ಯಾವ ವ್ಯಾಖ್ಯೆ?

ಕಾನೂನು ಇದೆಯಲ್ಲ, ತಪ್ಪು ಮಾಡಿದವರಿಗೆ ದಂಡ ಹಾಕೋಣ ಎನ್ನುವವರು ರಾಜಸ್ಥಾನದ ಬಿಚ್ಛಡಿ ಹಳ್ಳಿಯ ಪ್ರಕರಣವನ್ನು ಓದಲಿ. ಉದಯಪುರದ ಬಳಿಯ ಆ ಊರಿನಲ್ಲಿ ಎಚ್-ಆಸಿಡ್ ಎಂಬ ರಾಸಾಯನಿಕ ತಯಾರಿಸಿದ ಘಟಕಗಳು ನಡೆದದ್ದು ಅಲ್ಪಕಾಲ. ತಯಾರಾದದ್ದು 375 ಟನ್ ಸರಕು, ಉಳಿಸಿಹೋದದ್ದು ಸುಮಾರು 2,440 ಟನ್ ವಿಷದ ಕೆಸರು. ಬಾವಿಗಳ ನೀರು ಕಂದು ಬಣ್ಣಕ್ಕೆ ತಿರುಗಿತು, ದನಗಳೂ ಕುಡಿಯಲಾಗದಂತಾಯಿತು. ಮಾಲಿನ್ಯ ಮಾಡಿದವರೇ ಪೂರ್ತಿ ತೆರಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು. ಸ್ವಚ್ಛಗೊಳಿಸಲು ₹37 ಕೋಟಿಗೂ ಹೆಚ್ಚು ಬೇಕೆಂದು ಅಂದಾಜಾಯಿತು. ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕಿ ಕಾಲ ತಳ್ಳಿತು. 2011ರಲ್ಲಿ ಅದೇ ಕೋರ್ಟ್ ಚಕ್ರಬಡ್ಡಿ ಸಮೇತ ಕಟ್ಟುವಂತೆ ಮತ್ತೆ ಆದೇಶಿಸಬೇಕಾಯಿತು. ಹದಿನೈದು ವರ್ಷ! ಬಾವಿ ಅಷ್ಟು ಹೊತ್ತು ಕಾಯುತ್ತದೆಯೇ? ಅಂದು ಹುಟ್ಟಿದ ಮಗು ಹೈಸ್ಕೂಲು ಮುಗಿಸಿರುತ್ತದೆ. ದೇಶದ ಅತಿ ದೊಡ್ಡ ನ್ಯಾಯಾಲಯದ ತೀರ್ಪು ಕೈಯಲ್ಲಿದ್ದ ಊರಿನ ಗತಿಯೇ ಇದಾದರೆ, ತಹಶೀಲ್ದಾರರಿಗೆ ಕೊಟ್ಟ ಮನವಿಯ ಹಿಂಬರಹವನ್ನಷ್ಟೇ ಹಿಡಿದು ನಿಂತ ಕಡೇಚೂರಿನವರ ಗತಿಯೇನು?

ಮುಂಚೆಯೇ ಕೇಳುವ ಅವಕಾಶವನ್ನಂತೂ ಕಾನೂನೇ ಕಿತ್ತುಕೊಂಡಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆ, ಅನುಮೋದಿತ ಕೈಗಾರಿಕಾ ಪ್ರದೇಶದೊಳಗೆ ಬರುವ ಘಟಕಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಕೊಟ್ಟಿತು. ಒಮ್ಮೆ ಜಮೀನಿಗೆ ಬೇಲಿ ಬಿದ್ದರೆ ಮುಗಿಯಿತು. ಆಮೇಲೆ ಅಲ್ಲಿ ಬಿಸ್ಕತ್ತು ಕಾರ್ಖಾನೆ ಬರುತ್ತದೋ ಸೀಸ ಕರಗಿಸುವ ಕುಲುಮೆ ಬರುತ್ತದೋ ಪಕ್ಕದ ಊರಿಗೆ ತಿಳಿಯುವುದು ಚಿಮಣಿ ಎದ್ದ ಮೇಲೆ. ಕೈಗಾರಿಕೆ ಎಂದು ಕೇಳಿ ಭೂಮಿ ಕೊಟ್ಟವರಿಗೆ ಯಾವ ಕೈಗಾರಿಕೆ ಎಂದು ಕೇಳುವ ಹಕ್ಕಿಲ್ಲವೇ?

ಇನ್ನು ಆರೋಗ್ಯದ ದಾಖಲೆ. ಯಾದಗಿರಿಯ ನೆಲದಡಿಯ ನೀರು ಮೊದಲೇ ನೊಂದದ್ದು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇದೆ ಎಂಬುದು ಸರ್ಕಾರದ ಗಮನಕ್ಕೆ ಬರುವಷ್ಟರಲ್ಲಿ ಲಂಬಾಣಿ ಕುಟುಂಬಗಳ ಮೈತುಂಬ ಹುಣ್ಣಾಗಿದ್ದವು, ಕ್ಯಾನ್ಸರ್ ಕಾಣಿಸಿಕೊಂಡಿತ್ತು. ತಾನಾಗಿ ನೆಲದಲ್ಲಿದ್ದ ವಿಷವನ್ನೇ ಗುರುತಿಸಲು ತಡಮಾಡಿದ ಆಡಳಿತ, ಹೊರಗಿನಿಂದ ತಂದು ಸುರಿದ ವಿಷವನ್ನು ಹೊತ್ತಿಗೆ ಸರಿಯಾಗಿ ಹಿಡಿಯುತ್ತದೆ ಎಂದು ಹೇಗೆ ನಂಬುವುದು? ಘಟಕ ಶುರುವಾಗುವ ಮೊದಲಿನ ರಕ್ತದ, ನೀರಿನ, ಮಣ್ಣಿನ ಪರೀಕ್ಷೆಯ ದಾಖಲೆ ಕೈಯಲ್ಲಿಲ್ಲದಿದ್ದರೆ ನಾಳೆ ಯಾವ ಕೋರ್ಟಿನಲ್ಲೂ ಏನನ್ನೂ ಸಾಬೀತು ಮಾಡಲಾಗುವುದಿಲ್ಲ. ಮೊದಲೂ ಹೀಗೇ ಇತ್ತು ಎಂದು ವಕೀಲರು ವಾದಿಸುತ್ತಾರೆ, ಗೆಲ್ಲುತ್ತಾರೆ.

ಹಾಗಾದರೆ ಕಸವನ್ನು ಏನು ಮಾಡಬೇಕು ಎಂದು ಕೇಳುತ್ತಾರೆ, ಅದು ಗಡಿಯ ಜನ ಉತ್ತರಿಸಬೇಕಾದ ಪ್ರಶ್ನೆ ಎಂಬಂತೆ. ಕಸ ಮಾಡಿದವರು ಉತ್ತರಿಸಲಿ. ಬೆಂಗಳೂರು ತನ್ನ ಕಸವನ್ನು ಮೊದಲು ಮಾವಳ್ಳಿಪುರಕ್ಕೆ ಸುರಿಯಿತು. ಅಲ್ಲಿಯ ಜನ ರೋಗ ಬಿದ್ದು ತಡೆದಾಗ ಮಂಡೂರಿಗೆ ಸುರಿಯಿತು. ಮಂಡೂರಿನವರು ರಸ್ತೆಗೆ ಅಡ್ಡ ಮಲಗಿದ ಮೇಲೆ 2014ರ ಕೊನೆಯಲ್ಲಿ ಅದೂ ನಿಂತಿತು. ನಗರದ ಅಂಚಿನವರು ದನಿ ಎತ್ತಿದಂತೆಲ್ಲ ಹೊರೆ ಇನ್ನೂ ದೂರಕ್ಕೆ, ಇನ್ನೂ ಬಡವರ ಕಡೆಗೆ ಜಾರುತ್ತಿದೆ. ಈ ಜಾರುವಿಕೆಯ ಕೊನೆಯ ಮೆಟ್ಟಿಲು ರಾಜ್ಯದ ಗಡಿ. ಟೈರು ಹೆಚ್ಚು ಸವೆಯುವ ನಗರವೇ ಟೈರಿನ ಘಟಕಕ್ಕೂ ಜಾಗ ಕೊಡಲಿ. ತನ್ನ ಮಗನ ಶಾಲೆಯ ಪಕ್ಕ ಚಿಮಣಿ ನಿಂತಾಗ ಶೋಧಕ ಯಂತ್ರ ರಾತ್ರಿಯೂ ಓಡುವಂತೆ ನಗರದವರು ನೋಡಿಕೊಳ್ಳುತ್ತಾರೆ. ರಿಸೋಲಿಂಗ್ ಮಾಡಿ ಟೈರನ್ನು ಇನ್ನೊಂದಷ್ಟು ಕಾಲ ಓಡಿಸುವ, ರಬ್ಬರ್ ಪುಡಿ ಮಾಡಿ ರಸ್ತೆಯ ಡಾಂಬರಿಗೆ ಸೇರಿಸುವ ಕೆಲಸಗಳೂ ಇವೆ. ಅವಕ್ಕೆ ಡ್ರಮ್ಮು ಬೇಯಿಸಬೇಕಿಲ್ಲ. ಅವುಗಳನ್ನು ತರುತ್ತೇವೆ ಎಂದು ಹೂಡಿಕೆದಾರರ ಸಭೆಯಲ್ಲಿ ಯಾರೂ ಏಕೆ ಹೇಳುವುದಿಲ್ಲ?

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಕಡೇಚೂರು–ಬಾಡಿಯಾಳದಲ್ಲಿ, ರಾಯಚೂರು, ಬೀದರ್ ಜಿಲ್ಲೆಗಳ ಕೈಗಾರಿಕಾ ಪ್ರದೇಶಗಳಲ್ಲಿ ಟೈರು ಬೇಯಿಸುವ, ಸೀಸ ಕರಗಿಸುವ, ಆಸಿಡ್ಡಿನಲ್ಲಿ ಇ-ತ್ಯಾಜ್ಯ ಅದ್ದುವ ಘಟಕಗಳಿಗೆ ಇನ್ನು ಒಂದು ಪ್ಲಾಟೂ ಹಂಚಬಾರದು. ಮಾಲಿನ್ಯ ಮಂಡಳಿ ಅತಿ ಮಾಲಿನ್ಯಕಾರಕವೆಂದು ಗುರುತಿಸಿದ ಕೆಂಪು ವರ್ಗದ ಯಾವ ಘಟಕಕ್ಕೂ ಹಿಂದುಳಿದ ಪ್ರದೇಶದ ಸಬ್ಸಿಡಿ ಒಂದು ರೂಪಾಯಿಯೂ ಹೋಗಬಾರದು. ಆ ಹಣ ತೊಗರಿ ಬೇಳೆ ಗಿರಣಿಗೆ, ಹತ್ತಿಯನ್ನು ನೂಲಾಗಿಸುವ ಮಿಲ್ಲಿಗೆ, ಬೋಗಿ ಕಾರ್ಖಾನೆಗೆ ಬಿಡಿಭಾಗ ಮಾಡುವ ವರ್ಕ್‌ಶಾಪಿಗೆ ಹೋಗಲಿ. ಇಲ್ಲಿಯ ಬೆಳೆ, ಇಲ್ಲಿಯ ಕೈಗಳು, ಇಲ್ಲಿಯ ರೈಲು ಹಳಿ ಈಗಾಗಲೇ ಇವೆ. ಈಗ ನಡೆಯುತ್ತಿರುವ ರಾಸಾಯನಿಕ ಘಟಕಗಳು ನೆಲ–ನೀರು ಶುದ್ಧಿಯ ಪೂರ್ತಿ ಅಂದಾಜು ವೆಚ್ಚವನ್ನು ಮುಂಗಡವಾಗಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ಇಡದಿದ್ದರೆ ಚಾಲನಾ ಸಮ್ಮತಿ ನವೀಕರಿಸಬಾರದು. ಸೈದಾಪುರ ಸುತ್ತಲಿನ ಪ್ರತಿ ಹಳ್ಳಿಯ ಮಕ್ಕಳ ರಕ್ತ, ಪ್ರತಿ ಕೊಳವೆಬಾವಿಯ ನೀರು ಈ ವರ್ಷವೇ ಪರೀಕ್ಷೆಯಾಗಬೇಕು. ಫಲಿತಾಂಶ ಕನ್ನಡದಲ್ಲಿ ಪಂಚಾಯಿತಿ ಗೋಡೆಯ ಮೇಲೆ ಅಂಟಬೇಕು. ಗಡಿಯ ಎರಡೂ ಕಡೆಯ ಮಾಲಿನ್ಯ ಮಂಡಳಿಗಳು ಜಂಟಿ ತಂಡ ಕಟ್ಟಿ, ರಾತ್ರಿ ಹೊತ್ತು, ಹೇಳದೆ ಕೇಳದೆ ತಪಾಸಣೆಗೆ ಬರಬೇಕು. ದುರ್ನಾತ ಏಳುವುದು ರಾತ್ರಿ ಎಂದು ಜನ ಹೇಳುತ್ತಿರುವಾಗ ಬೆಳಗ್ಗೆ ಹನ್ನೊಂದಕ್ಕೆ ಬಂದು ಹೋದರೆ ಏನು ಸಿಕ್ಕೀತು?

ಇವು ಯಾವುವೂ ಬೆಂಗಳೂರಿನಿಂದ ತಾವಾಗಿ ಬರುವುದಿಲ್ಲ. ಕಡೇಚೂರು, ಬಾಡಿಯಾಳ, ಸೈದಾಪುರದ ಪಂಚಾಯಿತಿಗಳು ಗ್ರಾಮಸಭೆ ಕರೆದು ಠರಾವು ಬರೆಯಲಿ. ಅದೇ ಠರಾವು ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಗೆ, ಕೆಐಎಡಿಬಿಗೆ, ಹಸಿರು ನ್ಯಾಯಮಂಡಳಿಗೆ ಹೋಗೋಣ. ರಾಯಚೂರಿನವರು, ಬೀದರಿನವರು ಜೊತೆಗೆ ಬರಲಿ. ಗಡಿಯಾಚೆಯ ತೆಲುಗು ಹಳ್ಳಿಯವರನ್ನೂ ಕರೆಯೋಣ, ಅವರೂ ಇದೇ ಗಾಳಿ ಕುಡಿಯುವವರು. ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯಿಂದ ಈ ಬೇಡಿಕೆಗಳ ಮೇಲೆ ಬರವಣಿಗೆಯಲ್ಲಿ ಸಹಿ ಪಡೆಯೋಣ. ಸಹಿ ಹಾಕದವರಿಗೆ ಈ ಊರುಗಳಲ್ಲಿ ಒಂದು ಮತವೂ ಬೀಳಬಾರದು.